ಅದಲುಬದಲಿನ ಭಾವ, ಮಾಗಿಯ ಫ್ಯಾನು

ನಮ್ಮ ಭಾವನ ಕೈಗೆ ನಿಮ್ಮ ಮನೆಯ ಯಾವ ವಸ್ತುವನ್ನೂ ಕೊಡಬೇಡಿ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅವರೇನೂ ಕಳ್ಳರಲ್ಲ. ಕೊಟ್ಟದ್ದು ಖಂಡಿತ ವಾಪಸ್ಸು ಬರುತ್ತದೆ. ಆದರೆ ಬರುವುದು ನಿಮ್ಮದಲ್ಲ, ಪಕ್ಕದ ಮನೆಯವರದು! ನನ್ನ ಅಡುಗೆಮನೆಯಲ್ಲಿ ಈಗಿರುವ ಕುಕ್ಕರಿನ ಮುಚ್ಚಳ ಬಡವನಹಳ್ಳಿಯ ಯಾರೋ ಪುಣ್ಯಾತ್ಗಿತ್ತಿಯದು. ಗೋಡೆ ಗಡಿಯಾರ ಭಾವನ ಸ್ನೇಹಿತರೊಬ್ಬರದು. ಮಿಕ್ಸಿಯ ಜಾರು ಯಾರದೆಂದು ಭಾವನಿಗೇ ಮರೆತುಹೋಗಿದೆ. ನನ್ನ ಜಾರು ಯಾವ ಊರಿನಲ್ಲಿ ಯಾರ ಮನೆಯ ಚಟ್ನಿ ಅರೆಯುತ್ತಿದೆಯೋ ಎಂದು ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಧುಗಿರಿಯಲ್ಲಿ, ಬೆಟ್ಟದ ಬುಡಕ್ಕೆ ಅಂಟಿಕೊಂಡ ಬೀದಿಯಲ್ಲಿ ಮನೆ. ಮನೆಯಲ್ಲಿ ಅಕ್ಕ, ಭಾವ, ಅವರ ಮಗಳು ಮತ್ತು ಭಾವನ ತಾಯಿ. ಆ ತಾಯಿಯನ್ನು ನಾನೂ ಅಕ್ಕನೂ ಅತ್ತೆಮ್ಮ ಎನ್ನುತ್ತೇವೆ. ನಾನಿರುವುದು ಕೊರಟಗೆರೆಯಲ್ಲಿ, ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡು. ಬಸ್ಸು ಹತ್ತಿ ಒಂದು ಪೊಟ್ಟಣ ಕಡಲೆಕಾಯಿ ಮುಗಿಸುವಷ್ಟರಲ್ಲಿ ಮಧುಗಿರಿ ಬರುತ್ತದೆ. ಹೀಗಾಗಿ ಭಾವನ ಪ್ರಯೋಗಗಳಿಗೆ ನಾನು ಸಾಕ್ಷಿಯೂ ಹೌದು, ಬಲಿಪಶುವೂ ಹೌದು.

ಅವರ ಕಸುಬು ಮಣ್ಣು ಅಗೆಯುವ, ಬಂಡೆ ಎತ್ತುವ, ರಸ್ತೆ ತುಳಿಯುವ ದೊಡ್ಡ ಹಳದಿ ಮಿಷನ್‌ಗಳ ರಿಪೇರಿ. ಸಿರಾದ ರಸ್ತೆ ಕೆಲಸವಿರಲಿ, ನಿಡುಗಲ್ಲಿನ ಕಡೆಯ ಕೃಷಿ ಹೊಂಡವಿರಲಿ, ಕೊರಟಗೆರೆಯ ಕೆರೆಯ ಹೂಳಿರಲಿ, ಮಿಷನ್ ಮುನಿಸಿಕೊಂಡು ನಿಂತಿತೆಂದರೆ ಭಾವನ ಫೋನು ಬಡಿದುಕೊಳ್ಳುತ್ತದೆ. ಅದರಲ್ಲೂ ಅವರ ಹೆಸರು ನಡೆಯುವುದು ಹೀಟ್ ಕಂಪ್ಲೇಂಟಿನಲ್ಲಿ. ಇಂಜಿನ್ನಿನ ಮೈಯೊಳಗೆ ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ಸೆನ್ಸಾರ್ ಒಂದಿರುತ್ತದಂತೆ. ಒಳಗಿನ ನೀರು ಎಷ್ಟು ಕಾದಿದೆ ಎಂದು ಅದು ವೈರಿನ ಮೂಲಕ ಆಪರೇಟರ್ ಮುಂದಿನ ಮೀಟರಿಗೆ ಸುದ್ದಿ ಮುಟ್ಟಿಸುತ್ತದೆ. ಮುಳ್ಳು ಕೆಂಪಿಗೆ ಹೋಯಿತೋ, ಪೀಪಿ ಊದುತ್ತದೆ, ಕೆಲಸ ನಿಲ್ಲಬೇಕು. ಈಗ ಹೇಳಿ, ನಿಜವಾಗಿ ಇಂಜಿನ್ನೇ ಕಾದಿದೆಯೋ? ಸೆನ್ಸಾರ್ ಸುಳ್ಳು ಹೇಳುತ್ತಿದೆಯೋ? ನಡುವಿನ ವೈರು ಚಾಡಿ ಸೇರಿಸುತ್ತಿದೆಯೋ? ಅಥವಾ ಮೀಟರಿಗೇ ಅರಳುಮರಳೋ? ನಮ್ಮ ನಿಮ್ಮಂಥವರು ತಲೆ ಕೆರೆದುಕೊಂಡು ಕೂರುತ್ತೇವೆ. ಭಾವ ಕೂರುವುದಿಲ್ಲ.

"ಎಲ್ಡು ಒಂದೇ ತರದ ಮಿಷನ್ ಪಕ್ಕ ಪಕ್ಕ ನಿಲ್ಸಮ್ಮ," ಎಂದು ಅವರು ನನಗೆ ಎಷ್ಟೋ ಸಲ ಪಾಠ ಮಾಡಿದ್ದಾರೆ. "ಇದ್ರ ಸೆನ್ಸಾರ್ ಅದಕ್ಕಾಕು, ಅದ್ರದ್ದು ಇದಕ್ಕಾಕು. ಜ್ವರ ಸೆನ್ಸಾರ್ ಹಿಂದೆ ಹೋಯ್ತಾ, ಸೆನ್ಸಾರೇ ಕಳ್ಳ. ಜ್ವರ ಇದ್ದಲ್ಲೇ ಕೂತ್ಕಂತಾ, ಬೇರೆ ಕಳ್ಳನ್ನ ಹುಡುಕು. ಅದ್ಲುಬದ್ಲು ಕಣಮ್ಮ, ಅದ್ಲುಬದ್ಲು. ಪ್ರಪಂಚದಾಗೆ ಅದಕ್ಕಿಂತ ದೊಡ್ಡ ವಿದ್ಯೆ ಇಲ್ಲ."

ಈ ದೊಡ್ಡ ವಿದ್ಯೆಯನ್ನು ಅವರು ಮಿಷನ್‌ಗಳಿಗಷ್ಟೇ ಇಟ್ಟುಕೊಂಡಿದ್ದರೆ ನಾನು ಬಾಯಿ ಮುಚ್ಚಿಕೊಂಡು ಹೊಲಿಗೆ ಹಾಕಿಕೊಂಡಿರುತ್ತಿದ್ದೆ. ಬರೆಯಬೇಕಾಗಿ ಬಂದದ್ದು ಅಕ್ಕನ ದೆಸೆಯಿಂದ. ಹೋದ ಮಾಗಿಯಲ್ಲಿ, ಊರಿಗೆ ಊರೇ ಕಂಬಳಿಯೊಳಗೆ ಮುದುರಿದ್ದಾಗ, ಅಕ್ಕನಿಗೆ ಸೆಖೆಯಾಗತೊಡಗಿತು. ಮೈ ಮುಟ್ಟಿದರೆ ತಣ್ಣಗೆ. ಥರ್ಮಾಮೀಟರ್ ಇಟ್ಟರೆ ಏನೂ ಇಲ್ಲ. ಒಳಗೆ ಮಾತ್ರ ಬೆಂಕಿ ಎನ್ನುತ್ತಿದ್ದಳು. ಯಾರೂ ನಂಬಲಿಲ್ಲ. ನಂಬುವವರು ಒಬ್ಬರೂ ಸಿಗದೆ ಅಕ್ಕ ಕಂಗಾಲಾಗಿ ಹೋದಳು. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಭಾವ ಎಂಥವರೆಂದು ನಿಮಗೆ ಗೊತ್ತಾಗಬೇಕು.

ಸೆನ್ಸಾರನ್ನು ಪರೀಕ್ಷೆ ಮಾಡಲು ಇನ್ನೊಂದು ದಾರಿಯಿದೆ. ಬಿಚ್ಚಿ ತಂದು, ದಾರ ಕಟ್ಟಿ ಕುದಿಯುವ ನೀರಿಗೆ ಇಳಿಬಿಟ್ಟು, ಕೈಯಲ್ಲಿ ಇನ್ನೊಂದು ಮೀಟರ್ ಹಿಡಿದು ಅದು ಏನು ಹೇಳುತ್ತದೆಂದು ನೋಡುವುದು. ಇದು ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವುದೇ. ಆದರೆ ಅವರೆಲ್ಲ ಅದಕ್ಕೆಂದು ಬೇರೆ ನೀರು ಕಾಯಿಸುತ್ತಾರೆ. ಗ್ಯಾಸ್ ದಂಡ ಮಾಡುವುದು ನಮ್ಮ ಭಾವನ ಜಾಯಮಾನವಲ್ಲ. ಒಲೆಯ ಮೇಲೆ ಅಕ್ಕನ ಸಾರು ಹೇಗೂ ಕುದಿಯುತ್ತಿರುತ್ತದೆ!

"ರೀ, ಸಾರಿಗೆ ಏನ್ರೀ ಬಿಟ್ಟಿದೀರಿ?"

"ತೊಳ್ದೇ ಬಿಟ್ಟಿರೋದು ಕಣೆ. ಕುದಿಯೋ ನೀರು ಕುದಿಯೋ ನೀರೇ. ಅದ್ರಾಗೆ ಹುಣ್ಸೆಹಣ್ಣು ಇದ್ರೆ ಸೆನ್ಸಾರ್‌ಗೇನು?"

ಒಂದು ದಿನ ದಾರ ಬಿಚ್ಚಿಕೊಂಡು ಸೆನ್ಸಾರ್ ಸಾರಿನ ತಳ ಸೇರಿತು. ಅಂದು ಊಟಕ್ಕೆ ಬಂದಿದ್ದ ದೂರದ ನೆಂಟರೊಬ್ಬರ ತಟ್ಟೆಗೆ ಬಿತ್ತು. ಅದು ನುಗ್ಗೇಕಾಯಿ ಸಾರು. ನೆಂಟರು ಮರ್ಯಾದಸ್ಥರು, ಬಹಳ ಹೊತ್ತು ದವಡೆಯಲ್ಲಿ ಒತ್ತಿ ನೋಡಿ, ಕೊನೆಗೆ, "ಕಾಯಿ ಒಸಿ ಬಲ್ತೈತೆ ಕಣಮ್ಮ," ಎಂದರು ಸಂಕೋಚದಿಂದ. ಭಾವ ಎದುರಿನ ಸಾಲಿನಿಂದ ತಣ್ಣಗೆ ಹೇಳಿದರು, "ಅದ್ನ ಕಚ್ಬ್ಯಾಡಿ, ಅದು ರೋಲರ್‌ದು." ಆ ನೆಂಟರು ಆಮೇಲೆ ಮಧುಗಿರಿಗೆ ಬಂದರೂ ಹೋಟೆಲಿನಲ್ಲೇ ಉಣ್ಣುತ್ತಾರೆಂದು ಕೇಳಿದ್ದೇನೆ.

ಮಕ್ಕಳ ವಿಷಯವಂತೂ ಕೇಳಲೇಬೇಡಿ. ಭಾವನ ಮಗಳೂ ನನ್ನ ಮಗನೂ ಒಂದೇ ವಯಸ್ಸಿನವರು, ಒಂದೇ ತರಗತಿಯವರು, ಗಣಿತದಲ್ಲಿ ಇಬ್ಬರೂ ಒಂದೇ ಸಮನಾಗಿ ಸೊನ್ನೆಯ ಭಕ್ತರು. ಭಾವ ಕೊರಟಗೆರೆಗೆ ಬಂದು ನನ್ನ ಅಂಗಡಿಯಲ್ಲಿ ಕೂತು ಗಂಭೀರವಾಗಿ, "ತಪ್ಪು ಮಗೀದೋ ಮನೇದೋ ಅಂತ ಒಸಿ ನೋಡ್ಬುಡಾನ," ಎಂದರು. ನನ್ನ ಮಗ ಮಧುಗಿರಿಯ ಮನೆಗೆ ಹೋದ, ಅವರ ಮಗಳು ನಮ್ಮ ಮನೆಗೆ ಬಂದಳು. ಶಾಲೆಗಳನ್ನು ಬದಲಾಯಿಸಲು ಮೇಷ್ಟ್ರುಗಳು ಒಪ್ಪಲಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ನನ್ನ ಮಗ ಮಧುಗಿರಿಯಿಂದ ಬಸ್ಸಿನಲ್ಲಿ ಕೊರಟಗೆರೆಯ ಶಾಲೆಗೆ ಬರುತ್ತಿದ್ದ, ಅವರ ಮಗಳು ಕೊರಟಗೆರೆಯಿಂದ ಮಧುಗಿರಿಯ ಶಾಲೆಗೆ ಹೋಗುತ್ತಿದ್ದಳು. ನಡುದಾರಿಯಲ್ಲಿ ಎರಡು ಬಸ್ಸೂ ಎದುರಾದಾಗ ಮಕ್ಕಳು ಕಿಟಕಿಯಿಂದ ಒಬ್ಬರಿಗೊಬ್ಬರು ಕೈ ಬೀಸುತ್ತಿದ್ದರಂತೆ. ಇದನ್ನು ನಾವು ಒಪ್ಪಿಕೊಂಡೆವಲ್ಲ, ನಮಗೇನಾಗಿತ್ತು? ಪರೀಕ್ಷೆಯಲ್ಲಿ ಇಬ್ಬರೂ ಮೊದಲಿಗಿಂತ ಶ್ರದ್ಧೆಯಿಂದ ಫೇಲಾದರು.

ಭಾವ ಫಲಿತಾಂಶ ಹೇಳಿದರು. "ಎಲ್ಡೂ ಒಂದೇ ಬ್ಯಾಚಿನ ಪೀಸು ಕಣಮ್ಮ. ಕಂಪ್ನಿಯಿಂದ್ಲೇ ಹಿಂಗೇ ಬಂದವೆ."

"ಕಂಪನಿ ಅಂದ್ರೆ ಯಾರು?" ಎಂದು ಅಕ್ಕ ಮೆಲ್ಲಗೆ ಕೇಳಿದಳು. ಭಾವ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ನಮ್ಮ ಅಪ್ಪನ ಫೋಟೋ ಕಡೆ ನೋಡಿದರು. ಒಂದು ವಾರ ಆ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ.

ಅವರ ವಿದ್ಯೆ ಒಮ್ಮೆ ಸಿರಾದಲ್ಲಿ ಮುಗ್ಗರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲೈನಿಂಗ್ ಬಟ್ಟೆ ತರಲು ಸಿರಾಕ್ಕೆ ಹೋಗಿದ್ದವಳನ್ನು, "ಬಾ, ಒಂದು ಗಳಿಗೆ ಸೈಟ್ ನೋಡ್ಕಂಡು ಹೋಗಾನ," ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ಭಾವನ ಒಂದು ಗಳಿಗೆ ಎಂದರೆ ಏನೆಂದು ಅರಿಯದವಳಲ್ಲ ನಾನು, ಆದರೂ ಹೋದೆ. ರಸ್ತೆ ಕೆಲಸದ ಬಯಲಿನಲ್ಲಿ ಹಳದಿ ಮಿಷನ್‌ಗಳು ಸಾಲಾಗಿ ನಿಂತಿದ್ದವು. ಅದರಲ್ಲಿ ಒಂದಕ್ಕೆ ಮಾತ್ರ ಜ್ವರ.

ಮೊದಲು ಇಂಜಿನ್ ಆರಬೇಕು. ಬಿಸಿಯಲ್ಲೇ ಸೆನ್ಸಾರ್ ಬಿಚ್ಚಿದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಹಾಗಾಗಿ ಎಲ್ಲರೂ ಹುಣಸೆಮರದ ಕೆಳಗೆ ಕೂತು ಭಾವನ ಪುರಾಣ ಕೇಳಿದೆವು. ಆರಿದ ಮೇಲೆ ಪಕ್ಕದ ಮಿಷನ್ನಿನ ಜೊತೆ ಸೆನ್ಸಾರ್ ಬದಲಾಯಿತು. ಜ್ವರ ಅಲ್ಲೇ ಉಳಿಯಿತು. ಮೀಟರ್ ಬದಲಾಯಿತು. ಜ್ವರ ಕದಲಲಿಲ್ಲ. ಯಾವುದಕ್ಕೂ ಇರಲಿ ಎಂದು ಮೂರನೆಯದರ ಜೊತೆ, ಅದಕ್ಕೆ ಸಾಕ್ಷಿ ಬೇಕೆಂದು ನಾಲ್ಕನೆಯದರ ಜೊತೆ! ಅಷ್ಟರಲ್ಲಿ ಯಾವ ಮಿಷನ್ನಿನ ಹೊಟ್ಟೆಯಲ್ಲಿ ಯಾರ ಸೆನ್ಸಾರ್ ಇದೆಯೆಂದು ಹೇಳುವವರು ಯಾರೂ ಉಳಿಯಲಿಲ್ಲ. ಸೈಟಿಗೆ ಸೈಟೇ ನಿಂತಿತು.

ಕಂಟ್ರಾಕ್ಟರ್ ಸಾಹೇಬರು ಜೀಪಿನಿಂದ ಇಳಿದು ಬಂದರು. ಸಿಟ್ಟು ಮಾಡುವ ಹಂತ ದಾಟಿಬಿಟ್ಟಿದ್ದರು ಪಾಪ. "ಅರೆ ಭಾಯ್, ಒಂದು ಗಾಡಿಗೆ ಬುಖಾರ್ ಅಂತ ನಿಮ್ಗೆ ಕರೆಸಿದ್ದು. ಈಗ ಯಾವ ಗಾಡಿಗೆ ಬುಖಾರ್, ಯಾವುದಕ್ಕೆ ಇಲ್ಲ, ಯಾರ್ಗೂ ಮಾಲೂಮ್ ಇಲ್ಲ."

"ಒಸಿ ತಾಳಿ ಸಾಹೇಬ್ರೆ," ಎಂದ ಭಾವ ಇದ್ದಕ್ಕಿದ್ದಂತೆ ಮೂಗು ಮೇಲೆತ್ತಿದರು. ಊಟದ ಹೊತ್ತು. ಅವರಿಗೆ ಹಸಿವು. "ಯಾರ್ಲಾ ಅದು ಅವರೆಕಾಳು ಸಾರು ತಂದಿರೋನು?"

ವಾಸನೆ ಹಿಡಿದು ಹೋದರೆ, ಅದು ಬರುತ್ತಿದ್ದದ್ದು ಜ್ವರದ ಮಿಷನ್ನಿನ ಇಂಜಿನ್ ಒಳಗಿಂದಲೇ! ಆಪರೇಟರ್ ಪಾವಗಡದ ಗಡಿಯವನು. ಮುದ್ದೆ ಸಾರು ಬಿಸಿಯಾಗಿರಲೆಂದು ದಿನಾ ಬೆಳಿಗ್ಗೆ ತನ್ನ ಸ್ಟೀಲ್ ಕ್ಯಾರಿಯರನ್ನು ಇಂಜಿನ್ನಿನ ಪಕ್ಕ ಸಿಕ್ಕಿಸುತ್ತಿದ್ದ. ಅಂದು ಭಾವ ಬಂದಾಗ ತೆಗೆದಿಡಲು ನಾಚಿಕೆಪಟ್ಟು, ಕದ್ದ ಕೋಳಿ ಬಚ್ಚಿಡುವವನಂತೆ ಅದನ್ನು ಇನ್ನೂ ಒಳಕ್ಕೆ ತಳ್ಳಿದ್ದ. ಅಲ್ಲೇ ಹಾದುಹೋಗುವ ಸೆನ್ಸಾರ್ ವೈರಿನ ಸಿಪ್ಪೆ ಕ್ಯಾರಿಯರ್ ಉಜ್ಜಿ ಉಜ್ಜಿ ಸವೆದು ತಾಮ್ರ ಹೊರಗೆ ಬಂದಿತ್ತು. ಕ್ಯಾರಿಯರ್ ಒಂದು ಕಡೆ ಆ ತಾಮ್ರಕ್ಕೂ ಇನ್ನೊಂದು ಕಡೆ ಇಂಜಿನ್ನಿನ ಕಬ್ಬಿಣಕ್ಕೂ ತಗುಲಿ, ಬೆಂಕಿ ಬಿದ್ದಿದೆ ಎಂದು ಮೀಟರಿಗೆ ಸುಳ್ಳು ಸುದ್ದಿ ಹೋಗುತ್ತಿತ್ತು.

"ನಂಗೆ ಮುಂಚೇನೇ ಹೇಳ್ಬಾರ್ದೇನ್ಲಾ?" ಎಂದು ಭಾವ ಕೇಳಿದರು.

"ನುವ್ವು ಅಡಗಲೇದು ಕದಾ ಅನ್ನಾ," ಎಂದ ಅವನು, ನೀನು ಕೇಳಲೇ ಇಲ್ಲವಲ್ಲ ಅಣ್ಣಾ ಎನ್ನುವಂತೆ. "ಪೊದ್ದುನ್ನಿಂದ ಮುಳ್ಳು ಎರ್ರಗ ಇರ್ತದೆ. ಅನ್ನಂ ತಿಂದ್ಮೇಲೆ ಚಲ್ಲಗಾ ಆಗ್ತದೆ. ದಿನಾ ಅಂತೇ."

ಬೆಳಿಗ್ಗೆಯಿಂದ ಕೆಂಪು, ಊಟವಾದ ಮೇಲೆ ತಣ್ಣಗೆ. ಆಪರೇಟರ್ ಉಂಡರೆ ಮಿಷನ್ನಿನ ಜ್ವರ ಇಳಿಯುತ್ತಿತ್ತು! ಅದನ್ನೊಂದು ಮಾತು ಕೇಳಿದ್ದರೆ ಅಷ್ಟೂ ಸೆನ್ಸಾರುಗಳು ತಮ್ಮ ತಮ್ಮ ಮನೆಯಲ್ಲೇ ಇರುತ್ತಿದ್ದವು. ಭಾವ ಆ ಸಾರಿನಲ್ಲೇ ಅವನ ಜೊತೆ ಮುದ್ದೆ ಉಂಡರು. ಬೈಕಿನಲ್ಲಿ ಬರುವಾಗ, "ಆಪರೇಟರ್ನ ಮೊದ್ಲು ಕೇಳ್ಬೇಕಾಗಿತ್ತು ಕಣಮ್ಮ, ನಾನು ಕೊನೀಗೆ ಕೇಳ್ದೆ," ಎಂದರು. ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡೆ. ಮುಂದೆ ಉಪಯೋಗಕ್ಕೆ ಬಂತು.

ಈಗ ಅಕ್ಕನ ಸೆಖೆ. ಬೀದಿಯವರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ತರಗು ಉರಿಸಿ ಕೈ ಕಾಯಿಸುವ ಹೊತ್ತಿನಲ್ಲಿ ಅಕ್ಕ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಎದೆಯಿಂದ ಒಂದು ಉರಿ ಎದ್ದು ಕುತ್ತಿಗೆ, ಮುಖ, ಕಿವಿಗೆಲ್ಲ ಹರಡುತ್ತಿತ್ತಂತೆ. ಹಣೆಯಲ್ಲಿ ಬೆವರಿನ ಸಾಲು. ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಮತ್ತೆ ಒಗ್ಗರಣೆ ಹಾಕಲು ಒಲೆ ಮುಂದೆ ನಿಂತರೆ ಶುರು. ಅವಳು ನಡುಮನೆಗೆ ಓಡಿಬಂದು ಫ್ಯಾನ್ ಹಾಕುತ್ತಿದ್ದಳು.

ಆ ಫ್ಯಾನಿನ ಕೆಳಗೇ ಅತ್ತೆಮ್ಮನ ಮಂಚ. ಅವರಿಗೆ ಮಂಡಿನೋವು, ಚಳಿ ತಡೆಯುವುದಿಲ್ಲ. ಅಕ್ಕ ಫ್ಯಾನ್ ಹಾಕುವುದು, ಅತ್ತೆಮ್ಮ ಎದ್ದು ಬಂದು ಆರಿಸುವುದು, ಇದೇ ದಿನಚರಿಯಾಯಿತು.

"ಮುಟ್ಟುದ್ರೆ ಮಡಕೆ ನೀರು ಇದ್ದಂಗೈತೆ ಮೈಯಿ. ಸೆಕೆಯಂತೆ ಸೆಕೆ. ಮಾಗೀಲಿ ಸೆಕೆ ಅನ್ನೋರ್ನ ನಾನು ಕಂಡಿಲ್ಲ ಕಣವ್ವ," ಎಂದು ನನ್ನ ಮುಂದೆಯೇ ಹೇಳಿದರು. ಬೀದಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿದರು. ಗಾಳಿ ಸೋಕಿದೆ ಎಂದವರಿದ್ದಾರೆ, ಕೆಲಸ ತಪ್ಪಿಸಿಕೊಳ್ಳುವ ಉಪಾಯ ಎಂದವರಿದ್ದಾರೆ. ಅತ್ತೆಮ್ಮ ಹರಕೆ ಹೊತ್ತು ಸೊಸೆಯನ್ನು ಸಿದ್ದರಬೆಟ್ಟಕ್ಕೆ ಕಳಿಸಿ ಗವಿಯ ತಣ್ಣೀರು ಹಾಕಿಸಿದರು. ನೀರು ಬಿದ್ದಾಗ ಅಕ್ಕನಿಗೆ ಸ್ವರ್ಗ. ಬೆಟ್ಟ ಇಳಿಯುವಾಗ ಮತ್ತೆ ಬೆವರಿದಳು. ಬೆಟ್ಟ ಇಳಿಯುವಾಗ ಎಲ್ಲರೂ ಬೆವರುತ್ತಾರಾದ್ದರಿಂದ ಅದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಭಾವ ಕೇಸು ಕೈಗೆತ್ತಿಕೊಂಡರು. ನಿಮಗೆ ಗೊತ್ತೇ ಇದೆ, ಮುಂದೇನಾಯಿತೆಂದು! ಥರ್ಮಾಮೀಟರ್ ಪಕ್ಕದ ಮನೆಗೆ ಹೋಯಿತು, ಅವರದು ಇಲ್ಲಿಗೆ ಬಂತು. ಹಾಸಿಗೆ ಬದಲಾಯಿತು, ದಿಂಬು ಬದಲಾಯಿತು. ಅಕ್ಕನ ನೈಲಾನ್ ಸೀರೆಗಳು ಮೂಲೆ ಸೇರಿ ಹತ್ತಿಯವು ಬಂದವು. ಅದೊಂದನ್ನು ಮಾತ್ರ ನಾನು ಹೊಲಿಗೆಯವಳಾಗಿ ಮೆಚ್ಚಿದೆ. ಸೆಖೆ ಕದಲಲಿಲ್ಲ. ಆಗ ಭಾವ ನನಗೆ ಫೋನ್ ಮಾಡಿ, "ನಾಕು ದಿನಕ್ಕೆ ಬಟ್ಟೆ ತಗಂಡು ಬಾ," ಎಂದರು.

"ಯಾಕೆ ಭಾವ?"

"ನೀನೂ ಅವ್ಳೂ ಒಂದೇ ಕಂಪ್ನಿ, ಒಂದೇ ಮಾಡ್ಲು. ನೀನು ಒಸಿ ಕಮ್ಮಿ ಓಡಿದೀಯ, ಅಷ್ಟೆ. ನೀನು ಇಲ್ಲಿರು, ಅವ್ಳು ಅಲ್ಲಿರ್ಲಿ. ನೋಡ್ಬುಡಾನ."

ಯಾವ ಹೆಂಗಸಿಗೆ ಯಾರಾದರೂ ಹೀಗೆ ಹೇಳಬಹುದೇ? ನಾನು ಕಮ್ಮಿ ಓಡಿದ್ದೇನಂತೆ! ಆದರೂ ಹೋದೆ, ಅಕ್ಕನಿಗಾಗಿ. ಮಧುಗಿರಿಯಲ್ಲಿ ಅಕ್ಕನ ಜಾಗದಲ್ಲಿ ಮಲಗಿ, ಅಕ್ಕನ ಒಲೆ ಮುಂದೆ ನಿಂತು, ಬೆಟ್ಟದ ಕಡೆಯಿಂದ ಬರುವ ಗಾಳಿಗೆ ಹಲ್ಲು ಕಡಿದುಕೊಂಡೇ ಇದ್ದೆ. ಫ್ಯಾನಿನ ಕಡೆ ತಲೆಯೆತ್ತಿ ನೋಡಲಿಲ್ಲ. ಅತ್ತೆಮ್ಮನಿಗೆ ನಾನು ವಿಪರೀತ ಹಿಡಿಸಿಬಿಟ್ಟೆ. ಮೂರನೆಯ ದಿನ ಮಗನನ್ನು ಕರೆದು, "ಅದ್ಲುಬದ್ಲು ಮಾಡಿದ್ದು ಮಾಡ್ಬುಟ್ಟೆ, ಇವ್ಳನ್ನೇ ಮಡಿಕ್ಕಳಾನ ಬುಡ್ಲಾ," ಎಂದರು.

ಅತ್ತ ಕೊರಟಗೆರೆಯಿಂದ ನನ್ನ ಯಜಮಾನರ ಫೋನು. "ಲೇ, ನಿಮ್ಮಕ್ಕ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಚಾಪೆ ಹಾಕ್ಕೊಂಡು ಕೂತಿದ್ದಾರೆ. ಬಾಗಿಲು ಹಾಕಿ ಅಂತ ಹೆಂಗೆ ಹೇಳ್ಲಿ? ಹಾಲು ಒಡೆದುಹೋಯ್ತು."

ಸೆಖೆ ಅಕ್ಕನ ಹಿಂದೆಯೇ ಹೋಗಿತ್ತು. ಮನೆಯ ತಪ್ಪಲ್ಲ, ಹಾಸಿಗೆಯ ತಪ್ಪಲ್ಲ, ಒಲೆಯ ತಪ್ಪೂ ಅಲ್ಲ. "ಅಂದ್ಮೇಲೆ ಅವ್ಳದ್ದೇ ನಾಟ್ಕ," ಎಂದು ಅತ್ತೆಮ್ಮ ತೀರ್ಪು ಕೊಟ್ಟರು. ಭಾವ ಗಡ್ಡ ಕೆರೆದುಕೊಂಡು ಬೈಕು ಹತ್ತಿ ಸೈಟಿಗೆ ಹೋದರು.

ಅಕ್ಕ ವಾಪಸ್ಸು ಬಂದಳು. ಆಮೇಲೆ ಫ್ಯಾನ್ ಹಾಕುವುದನ್ನು ಬಿಟ್ಟಳು. ಉರಿ ಎದ್ದಾಗ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಅಲ್ಲಿಗೆ ನಾನು ಹೋದಾಗ ಮುಖ ತಿರುಗಿಸಿಕೊಂಡೇ ಹೇಳಿದಳು, "ನನಗೇ ಅನುಮಾನ ಬರ್ತಿದೆ ಕಣೆ. ಇದು ನಿಜವಾಗ್ಲೂ ಆಗ್ತಿದ್ಯಾ, ಇಲ್ಲ ನಾನೇ ಅಂದ್ಕೊಳ್ತಿದೀನಾ? ಎಲ್ರೂ ಮೈ ತಣ್ಣಗಿದೆ ಅಂತಾರೆ. ತಲೆ ಕೆಟ್ಟೋಗ್ತಿದೆಯೇನೋ ನಂಗೆ."

ನನಗೆ ಬಂತು ನೋಡಿ ಸಿಟ್ಟು. ನಮ್ಮ ಅಕ್ಕ ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. ಸಾರಿನಲ್ಲಿ ರೋಲರಿನ ಸೆನ್ಸಾರ್ ಕುದಿಸಿದರೂ ಗಂಡನ ಮಾನ ಕಾಪಾಡಿದವಳು. ಸೀದಾ ಜಗಲಿಗೆ ಬಂದು ಭಾವನ ಮುಂದೆ ನಿಂತೆ. "ಭಾವ, ಸಿರಾದಲ್ಲಿ ಆಪರೇಟರನ್ನ ಕೊನೆಗೆ ಕೇಳ್ದೆ ಅಂತ ಹೇಳಿದ್ರಲ್ಲ. ಇಲ್ಲಿ ಆಪರೇಟರ್ ಯಾರು? ಹಾಸಿಗೆನ ಕೇಳಿದ್ರಿ, ದಿಂಬನ್ನ ಕೇಳಿದ್ರಿ, ನನ್ನ ಮೈಯನ್ನೂ ಕೇಳಿದ್ರಿ. ಅವಳನ್ನ ಒಂದು ಮಾತು ಕೇಳಿದ್ರಾ?"

ಭಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಆಮೇಲೆ ಎದ್ದು ಹಿತ್ತಲಿಗೆ ಹೋದರು. ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸೈಟಿನಲ್ಲಿ ಕೇಳುವ ಹಾಗೆಯೇ ಕೇಳಿದರು. ಯಾವಾಗ ಬರ್ತದೆ, ಎಲ್ಲಿಂದ ಏಳ್ತದೆ, ಎಷ್ಟೊತ್ತಿರ್ತದೆ, ಹೋದ್ಮೇಲೆ ಹೆಂಗಿರ್ತದೆ? ಅಕ್ಕ ಮೊದಮೊದಲು ಒಂದೊಂದೇ ಮಾತು ಹೇಳಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ನಾನು ಕಾಫಿ ಮಾಡಿ ಕೊಟ್ಟೆ, ಅದು ಆರಿತು, ಇನ್ನೊಂದು ಸಲ ಮಾಡಿ ಕೊಟ್ಟೆ. ಮದುವೆಯಾದಾಗಿನಿಂದ ಅವರು ಅವಳ ಮಾತನ್ನು ಅಷ್ಟು ಹೊತ್ತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೊನೆಯಲ್ಲಿ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಅದು ಬೆವರೊಂದೇ ಆಗಿರಲಿಲ್ಲ.

ಮರುದಿನವೇ ಮೂವರೂ ಡಾಕ್ಟರಮ್ಮನ ಹತ್ತಿರ ಹೋದೆವು. ಭಾವ ನಡೆದದ್ದನ್ನೆಲ್ಲ ವರದಿ ಒಪ್ಪಿಸಿದರು, ನನ್ನನ್ನೂ ಅಕ್ಕನನ್ನೂ ಊರು ಬದಲಾಯಿಸಿದ್ದು ಸೇರಿಸಿ. ಡಾಕ್ಟರಮ್ಮ ನಗು ತಡೆಯಲು ಪೆನ್ನು ಕಚ್ಚಿಕೊಂಡರು. ಅಕ್ಕನನ್ನು ಪರೀಕ್ಷೆ ಮಾಡಿದರು, ಅವಳನ್ನೂ ಬಹಳ ಕೇಳಿದರು. ಆಮೇಲೆ ಹೇಳಿದರು, "ಮುಟ್ಟು ನಿಲ್ಲೋ ವಯಸ್ಸಿನಲ್ಲಿ ತುಂಬಾ ಹೆಂಗಸರಿಗೆ ಹೀಗಾಗುತ್ತೆ. ಮೈ ಶಾಖ ನೋಡ್ಕೊಳ್ಳೋ ಜಾಗ ತಲೆಯಲ್ಲಿದೆ. ಅದಕ್ಕೆ ಚೂರು ಏರುಪೇರಾದ್ರೂ ಸಾಕು, ಮೈಯೆಲ್ಲ ಕಾದುಹೋಗಿದೆ ಅಂದ್ಕೊಂಡು ಬೆವರಿಸಿಬಿಡುತ್ತೆ. ಜ್ವರ ಇರಲ್ಲ."

ಭಾವನ ಮುಖ ಅರಳಿತು. "ಅಂಗಾರೆ ಇಂಜಿನ್ ಸರಿ ಐತೆ ಮೇಡಂ. ಸೆನ್ಸಾ..."

ಅಷ್ಟರಲ್ಲಿ ಅಕ್ಕನ ಮುಖ ಕಂಡಿತೇನೋ. ಅವಳು ತಲೆ ತಗ್ಗಿಸಿ ಕೂತಿದ್ದಳು. ಸೆನ್ಸಾರ್ ಸುಳ್ಳು ಹೇಳುತ್ತಿದೆ ಎನ್ನುವುದನ್ನು ಆ ಮನೆಯಲ್ಲಿ ಅವಳು ಎಷ್ಟು ಸಲ ಕೇಳಿಲ್ಲ! ನಾನು ನೋಡಿದ ಹಾಗೆ ಭಾವ ಆ ಪದವನ್ನು ಅರ್ಧಕ್ಕೆ ನುಂಗಿದ್ದು ಅದೇ ಮೊದಲು.

"ಅಂದ್ರೆ, ಅವ್ಳಿಗೆ ಆಗ್ತಿರೋದು ಸುಳ್ಳಲ್ಲ ತಾನೆ?" ಎಂದು ಕೇಳಿದರು.

"ಸುಳ್ಳಲ್ಲ. ಅವರಿಗೆ ಆಗ್ತಿರೋ ಸೆಖೆ ಪೂರ್ತಿ ನಿಜ. ತಾನಾಗೇ ಕಮ್ಮಿಯಾಗುತ್ತೆ, ಟೈಮ್ ಹಿಡಿಯುತ್ತೆ. ತೀರಾ ಕಷ್ಟವಾದ್ರೆ ಬನ್ನಿ, ಔಷಧಿ ಇದೆ. ಅಲ್ಲಿವರೆಗೆ ಗಾಳಿಯಾಡೋ ಹಾಗೆ ಇರಲಿ, ಒಲೆ ಮುಂದೆ ಜಾಸ್ತಿ ಹೊತ್ತು ಬೇಡ. ಮನೆಯವರು ನಂಬಿದ್ರೆ ಅರ್ಧ ವಾಸಿಯಾದಂಗೆ."

ಹೊರಗೆ ಬಂದು ಅಕ್ಕ ಎಳನೀರು ಕುಡಿಯುತ್ತಾ ನಿಂತಿದ್ದಾಗ ಭಾವ ನನ್ನನ್ನು ಪಕ್ಕಕ್ಕೆ ಕರೆದರು. "ಇಷ್ಟು ವರ್ಷ ಊರಿಂದೆಲ್ಲ ಅದ್ಲುಬದ್ಲು ಮಾಡ್ದೆ. ಇದೊಂದ್ನ ಬಿಚ್ಚೋಕೆ ಸ್ಪ್ಯಾನರ್ ಇಲ್ವಲ್ಲಮ್ಮ. ಇದ್ದಿದ್ರೆ ನಂದು ಬಿಚ್ಚಿ ಅವ್ಳಿಗಾಕಿ, ಅವ್ಳದ್ದ ನಾನಾಕ್ಕಂತಿದ್ದೆ. ನಂಗೇನು ಸೆಕೆ ಹೊಸ್ದಾ? ಪಾವಗಡದ ಬಿಸ್ಲಾಗೆ ಇಂಜಿನ್ ಒಳಿಕ್ಕೆ ತಲೆ ಮಡಗ್ಕಂಡೇ ಬದುಕಿರೋನು."

ನಾನು ಹೋಗಿ ಅವರಿಗೂ ಒಂದು ಎಳನೀರು ಕೊಚ್ಚಿಸಿ ತಂದು ಕೈಗಿಟ್ಟೆ.

ಮನೆಯಲ್ಲಿ ಮಾತ್ರ ಅತ್ತೆಮ್ಮ ಜಗ್ಗಲಿಲ್ಲ. "ಡಾಕ್ಟ್ರಮ್ಮನೇ ಜ್ವರ ಇಲ್ಲ ಅಂದ್ಳಂತಲ್ಲ," ಎಂದು ಫ್ಯಾನಿನ ಸ್ವಿಚ್ಚಿನ ಪಕ್ಕಕ್ಕೇ ಮಂಚ ಎಳೆಸಿಕೊಂಡರು. ಭಾವ ವಿವರಿಸಿದರು, ಅವರು ಕಂಬಳಿ ಮುಸುಕೆಳೆದುಕೊಂಡರು. ಅಕ್ಕ ಮತ್ತೆ ಒಗೆಯುವ ಕಲ್ಲಿಗೆ ಹೋದಳು.

ಕೆಲವು ದಿನ ಬಿಟ್ಟು ಅಕ್ಕನಿಗೆಂದು ತೆಳು ಹತ್ತಿಯ ಸಡಿಲ ರವಿಕೆಗಳನ್ನು ಹೊಲಿದುಕೊಂಡು ಮೊದಲ ಬಸ್ಸಿಗೆ ಹೊರಟೆ. ಅಂದಿನ ಚಳಿಗೆ ಬಸ್ಸಿನ ಕಂಡಕ್ಟರ್ ಟಿಕೇಟು ಹರಿಯಲಾರದೆ ಒದ್ದಾಡುತ್ತಿದ್ದರು. ಮನೆಯ ಬಾಗಿಲು ತಳ್ಳಿದರೆ ಒಳಗಿನಿಂದ ಗಾಳಿ ರೊಯ್ಯೆಂದು ಮುಖಕ್ಕೆ ಹೊಡೆಯಿತು. ಫ್ಯಾನು ಪೂರಾ ಸ್ಪೀಡಿನಲ್ಲಿ ತಿರುಗುತ್ತಿತ್ತು. ಅದರ ಕೆಳಗೆ ನಮ್ಮ ಭಾವ, ಅಂಗಿ ಬಿಚ್ಚಿ, ಬರೀ ಬನಿಯನ್ನಿನಲ್ಲಿ, ಕುರ್ಚಿಯ ಮೇಲೆ ಕೂತಿದ್ದಾರೆ! ತುಟಿ ನೀಲಿಗಟ್ಟಿದೆ. ತೋಳಿನ ರೋಮಗಳೆಲ್ಲ ನಿಂತಿವೆ. ಪಕ್ಕದ ಚಾಪೆಯ ಮೇಲೆ, ಅದೇ ಗಾಳಿಗೆ ಮುಖವೊಡ್ಡಿ, ಅಕ್ಕ ಕಣ್ಣು ಮುಚ್ಚಿ ಕೂತಿದ್ದಾಳೆ. ಅವಳ ಹಣೆಯ ಬೆವರು ಆರುತ್ತಿದೆ.

ಮಂಚದ ಮೇಲಿನ ಕಂಬಳಿಯೊಳಗಿಂದ ಅತ್ತೆಮ್ಮನ ದನಿ ಬಂತು. "ಯಾವನ್ಲಾ ಫ್ಯಾನ್ ಹಾಕಿರೋನು?"

"ನಾ... ನಾನೇ ಕಣವ್ವ," ಎಂದರು ಭಾವ. ಹಲ್ಲು ಕಟಕಟ ಎನ್ನುತ್ತಿತ್ತು. "ಸೆ... ಸೆಕೆ."

"ನಿಂಗಾ?"

"ಹೂಂ ಕಣವ್ವ. ಭಾಳ ಸೆಕೆ."

ಅತ್ತೆಮ್ಮ ಮಂಡಿ ಹಿಡಿದುಕೊಂಡು ಎದ್ದರು. ಪಕ್ಕದ ಸ್ವಿಚ್ಚಿಗೆ ಕೈ ಹೋಗುತ್ತದೆಂದುಕೊಂಡೆ. ಹೋಗಲಿಲ್ಲ. ನಿಧಾನವಾಗಿ ಬಂದು ಮಗನ ತೋಳಿನ ಮೇಲೆ ಕೈ ಇಟ್ಟರು. ಊರೂರು ತಿರುಗಿ ಸುಳ್ಳು ಹೇಳುವ ಸೆನ್ಸಾರುಗಳನ್ನು ಹಿಡಿಯುವ ಮನುಷ್ಯ, ತಾಯಿಯ ಕೈಗೆ ಸಿಕ್ಕಿಬಿದ್ದು, ತಲೆ ತಗ್ಗಿಸಿ ಕೂತಿದ್ದರು. ಅತ್ತೆಮ್ಮ ಬಹಳ ಹೊತ್ತು ಕೈ ತೆಗೆಯಲಿಲ್ಲ. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಅಕ್ಕ ಗಾಬರಿಯಿಂದ ಏಳಹೋದಳು.

"ಕೂತ್ಕಳವ್ವ," ಎಂದರು ಅತ್ತೆಮ್ಮ. ಆಮೇಲೆ ಯಾರನ್ನೂ ನೋಡದೆ ಹೇಳಿದರು, "ನಂಗೂ ಇಂಗೇ ಆಗಿತ್ತು, ಇವ್ನು ಹೈಸ್ಕೂಲಿಗೆ ಹೋಗ್ತಿದ್ದಾಗ. ಬಾವಿ ಕಲ್ಲಿಗೆ ಬೆನ್ನು ಕೊಟ್ಕಂಡು ಕೂತಿರ್ತಿದ್ದೆ. ಯಾರ್ಗೆ ಹೇಳಾದು? ಹೇಳುದ್ರೆ ನಂಬೋರು ಯಾರು?"

ತಮ್ಮ ಕಂಬಳಿಯನ್ನು ತೆಗೆದು ಮಗನ ಹೆಗಲಿಗೆ ಹೊದಿಸಿದರು. "ಸೆನ್ಸಾರ್ ಹೋಗೈತೆ ಕಣ್ಲಾ ನಿಂದು. ಒದ್ಕಂಡು ಕೂತ್ಕ. ಫ್ಯಾನ್ ಇರ್ಲಿ ಬುಡು." ಸೊಸೆಯ ಕಡೆ ತಿರುಗಿ, "ನೀನು ಇಲ್ಲೇ ಇರವ್ವ. ಒಲೆ ಮುಂದೆ ನಾನು ಕೂತ್ಕಂತೀನಿ. ನನ್ ಮಂಡೀಗೂ ಬೆಚ್ಚಗಾಯ್ತದೆ," ಎಂದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು.

ಕಂಬಳಿಯೊಳಗಿಂದ ಭಾವ ಗೊಣಗಿದರು, "ಈ ಅದ್ಲುಬದ್ಲು ನಂಗ್ಯಾಕೆ ಹೊಳೀನಿಲ್ಲ?"

ಅಕ್ಕ ನಕ್ಕಳು. ಆ ಮಾಗಿಯಲ್ಲಿ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅಂದೇ. ನನಗೆ ಕಣ್ಣು ತುಂಬಿ ಬಂತು. ನನ್ನ ಮಿಕ್ಸಿ ಜಾರು, ಕುಕ್ಕರ್ ಮುಚ್ಚಳ, ಗಡಿಯಾರ ಎಲ್ಲವನ್ನೂ ಆ ಮನುಷ್ಯನಿಗೆ ಅಲ್ಲೇ ಮಾಫಿ ಮಾಡಿಬಿಟ್ಟೆ. ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂತು. ಭಾವ ಕಂಬಳಿಯೊಳಗೂ ನಡುಗುತ್ತಲೇ ಇದ್ದರು, ಆದರೆ ಫ್ಯಾನಿನ ಕೆಳಗಿನಿಂದ ಎದ್ದು ಹೋಗಲಿಲ್ಲ.